ಊರು ಮಲಗಿದ ಹೊತ್ತಿನ ಚಹಾ

೧೯೩೭ರಲ್ಲಿ ಗಂಗಾವತಿಯ ಪೇಟೆಯಲ್ಲಿ ಚಹಾದಂಗಡಿ ತೆರೆದಾಗ ಬೆಹರಾಮನಿಗೆ ಮೂವತ್ತೆರಡು. ಇರಾನಿನ ಯಜ್ದ್ ಊರಿನವನು. ಅಲ್ಲಿಂದ ಮುಂಬಯಿಗೆ ಬಂದು ಸೋದರಮಾವನ ಹೋಟೆಲಿನಲ್ಲಿ ಎಂಟು ವರ್ಷ ದುಡಿದಿದ್ದ. ಅಲ್ಲಿ ಗಿರಣಿಯವರು ನಿಂತಲ್ಲೇ ಚಹಾ ಸುರಿದುಕೊಂಡು ಓಡುತ್ತಿದ್ದರು. ಗಂಗಾವತಿಯಲ್ಲಿ ಓಡುವವರೇ ಇರಲಿಲ್ಲ. ಮುದಿಯಪ್ಪನೆಂಬ ಮುದುಕ ಬೆಳಿಗ್ಗೆ ಬಂದು, ಒಂದೇ ಚಹಾವನ್ನು ಗೆಳೆಯನೊಂದಿಗೆ ಹಂಚಿಕೊಂಡು, ಮಳೆಯಿಂದ ಹಿಡಿದು ಬೀಗರ ಮನೆಯ ಜಗಳದವರೆಗೆ ಮಾತಾಡಿ ಏಳುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ಮೊದಲ ವಾರ ಬೆಹರಾಮ ಬರಿದಾದ ಕಪ್ಪುಬಸಿಯನ್ನು ಅವನ ಮುಂದಿನಿಂದ ಎತ್ತಿಕೊಂಡ, ಈಗಲಾದರೂ ಎದ್ದಾನೆಂದು.

"ಒಯ್ಯಪಾ, ತೊಳ್ಯಾಕ ಒಯ್ಯಿ. ನಾ ಇಲ್ಲೇ ಕುಂತಿರ್ತೀನಿ," ಎಂದ ಮುದಿಯಪ್ಪ.

ಕ್ರಮೇಣ ಬೆಹರಾಮ ಒಗ್ಗಿಕೊಂಡ. ಕಟ್ಟಿಗೆಯವನು ನಾಳೆ ಎಂದರೆ ಮುಂದಿನ ವಾರ ಎಂದು ತಿಳಿದುಕೊಂಡ. ಒಂದಕ್ಕೆ ಮಾತ್ರ ಒಗ್ಗಲಿಲ್ಲ. ಬೇಸಿಗೆಯಲ್ಲಿ ಹನ್ನೆರಡು ಹೊಡೆದರೆ ಪೇಟೆಯೆಲ್ಲ ಬಾಗಿಲೆಳೆದುಕೊಂಡು ನಾಲ್ಕರ ತನಕ ಮಲಗಿಬಿಡುತ್ತಿತ್ತು. ಅಂಗಡಿ ಜಾಗದ ಮಾಲೀಕ, ಅಕ್ಕಿ ವ್ಯಾಪಾರಿ ಉಮಾಪತಿ ಬಂದು ಹೇಳಿದ:

"ಬಾಗಲಾ ಹಾಕ್ರಿ, ಆಗಾ ಸಾಹೇಬ್ರ. ಈ ಬಿಸಲಾಗ ಯಾರ್ ಬರ್ತಾರ? ಊರ ಜೋಡಿ ಮಲಗೂದು ಕಲೀರಿ."

"ಹಗಲ ನಿದ್ದಿ ನನಗ ಬರೂದಿಲ್ಲ, ಸೇಠ್. ಒಲಿ ಆರಸೂದಿಲ್ಲ."

ಹದಿನೈದು ದಿನ ಬೆಹರಾಮ ಖಾಲಿ ಪೇಟೆಯಲ್ಲಿ ಒಬ್ಬನೇ ಒಲೆ ಕಾದ. ಉರಿಬಿಸಿಲಿನ ಒಂದು ಮಧ್ಯಾಹ್ನ ಕಾಲುವೆಯ ಹೂಳೆತ್ತುವ ಮಾರೆಪ್ಪ, ಹೆಂಡತಿ ಹುಲಿಗವ್ವನೊಂದಿಗೆ ಬಂದು ಮೆಟ್ಟಿಲ ಕೆಳಗೇ ನಿಂತ. ಕೈಯಲ್ಲಿ ತೆಂಗಿನ ಕರಟ.

"ಇದರಾಗ ಹೊಯ್ರಿ, ಸಾಹೇಬ್ರ. ಮೇಲಿಂದ ಹೊಯ್ರಿ."

ಬೆಹರಾಮನ ಕೈ ಕೆಟಲಿಯ ಮೇಲೆಯೇ ನಿಂತಿತು. ಅವನವರು ಬೆಂಕಿಯನ್ನು ಪೂಜಿಸುವ ಜನ, ಮುಸಲ್ಮಾನರ ನಡುವೆ ಬೆರಳೆಣಿಕೆಯವರು. ಯಜ್ದ್‌ನ ಬಜಾರದಲ್ಲಿ ಅವನ ಅಜ್ಜ ಹಣ್ಣನ್ನು ಮುಟ್ಟಿ ಆರಿಸುವಂತಿರಲಿಲ್ಲ. ದೂರದಿಂದ ಬೆರಳು ತೋರಿಸಬೇಕಿತ್ತು. ಮುಟ್ಟಿದರೆ ಬುಟ್ಟಿಯೇ ಮೈಲಿಗೆ.

"ಕರಟ ತೂತಾಗೇತಿ," ಎಂದ. ತೂತಾಗಿರಲಿಲ್ಲ. ಎರಡು ಕಪ್ಪುಬಸಿ ತುಂಬಿ ಬೆಂಚಿನ ಮೇಲಿಟ್ಟ.

ಮಾರೆಪ್ಪ ಹಿಂದೆ ಸರಿದ. "ಯಾರರ ನೋಡಿದ್ರ ನಮ್ಮನ್ನ ಬಿಡೂದಿಲ್ರಿ."

"ಯಾರ್ ನೋಡ್ತಾರ? ಊರೆಲ್ಲ ಮಲಗೇತಿ."

ಮೊದಲು ಮೆಟ್ಟಿಲೇರಿದವಳು ಹುಲಿಗವ್ವ. ಬೆಂಚಿನ ಮೇಲೆ ಕೂತು, ಬಸಿಗೆ ಸುರಿದುಕೊಂಡು, ಊದಿ ಊದಿ ಕುಡಿದಳು. ಎಷ್ಟು ಹೊತ್ತು ಹಿಡಿಯಿತೋ ಬೆಹರಾಮ ನೋಡಲಿಲ್ಲ.

ಮರುದಿನ ನಾಲ್ವರು ಬಂದರು. ತಿಂಗಳೊಪ್ಪತ್ತಿನಲ್ಲಿ ಮಾರೆಪ್ಪನ ಕೇರಿಯ ಅರ್ಧ ಜನ ಆ ಹೊತ್ತಿಗೆ ಅಲ್ಲಿರುತ್ತಿದ್ದರು. ಒಂದು ದಿನ ಅವರ ನಗುವಿಗೆ ಎಚ್ಚೆತ್ತ ಉಮಾಪತಿ ಹೊರಗೆ ಬಂದು ನೋಡಿದ. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ಉಮಾಪತಿ ಅವರತ್ತ ತಿರುಗಲಿಲ್ಲ.

"ಇವರಿಗೆ ಕಪ್ಪು ಬ್ಯಾರೆ ಇಡ್ರಿ, ಇಲ್ಲಾ ಮಧ್ಯಾಹ್ನ ಬಾಗಲಾ ಹಾಕ್ರಿ. ಎರಡೂ ಆಗೂದಿಲ್ಲ ಅಂದ್ರ ಜಾಗಾ ಖಾಲಿ ಮಾಡ್ರಿ."

ಬೆಹರಾಮ ಒಲೆಯ ಬೂದಿ ಕೆದಕಿದ. ಈ ಊರಿಗಾಗಿ ತಾನು ಬಿಟ್ಟುಕೊಟ್ಟದ್ದು ಬಹಳವಿತ್ತು. ಈ ಮಧ್ಯಾಹ್ನದ ಚಹಾವನ್ನು, ಎಲ್ಲರ ಈ ಒಂದೇ ಕಪ್ಪನ್ನು ಬಿಡಲು ಮನಸ್ಸಾಗಲಿಲ್ಲ.

"ಖಾಲಿ ಮಾಡ್ತೀನಿ, ಸೇಠ್. ಇವರು ಚಹಾ ಮುಗಿಸ್ಲಿ."

ನಂತರ ನಿಂತವರ ಕಡೆ ತಿರುಗಿ, "ಕುಂದರ್ರಿ. ಆರತೈತಿ," ಎಂದ.

ಕೇರಿಯ ಮುಂದೆ ಬೇವಿನ ಮರದಡಿ ನಾಳೆಯೇ ಗುಡಿಸಲು ಹಾಕಿಕೊಡುತ್ತೇವೆಂದ ಮಾರೆಪ್ಪ. ಒಂಬತ್ತು ದಿನ ಹಿಡಿಯಿತು. ಯಾವಾಗ ಮುಗಿದೀತೆಂದು ಬೆಹರಾಮ ಒಮ್ಮೆಯೂ ಕೇಳಲಿಲ್ಲ. ತಾನೂ ಭತ್ತದ ಹುಲ್ಲು ಹೊತ್ತ. ಒಲೆ ಹೊತ್ತಿಸುವ ದಿನ ಹಾಲಿನವನು ಬರಲಿಲ್ಲ. ಆ ಇರಾನಿಯವನಿಗೆ ಹಾಲು ಕೊಡಬಾರದೆಂದು ಪೇಟೆಯವರು ಅವನಿಗೆ ಹೇಳಿದ್ದರು. ಸುದ್ದಿ ಕೇಳಿದ ಹುಲಿಗವ್ವ ಮನೆಗೆ ಹೋಗಿ, ತನ್ನ ಆಡನ್ನು ಎಳೆದುಕೊಂಡು ಬಂದು ಬೇವಿಗೆ ಕಟ್ಟಿ, ಅವನ ಪಾತ್ರೆಗೇ ಹಾಲು ಕರೆದಳು.

ಮೊದಲ ಕಪ್ಪು ಕುಡಿದು ಬೆಹರಾಮ ಮುಖ ಕಿವುಚಿದ.

"ಭಾಳ ವಾಸನಿ ಐತಿ."

"ರೂಢಿ ಆಗತೈತ್ರಿ," ಎಂದಳು ಹುಲಿಗವ್ವ.

ಅವನು ಇನ್ನೊಂದು ಚಿಟಿಕೆ ಚಹಾಪುಡಿ ಹಾಕಿ, ಕಾಯುತ್ತಿದ್ದವರಿಗೆಲ್ಲ ಸಾಲಾಗಿ ಕಪ್ಪು ತುಂಬಿದ.