ಹಸಿರಾದ ಪಟಿಕ

ನಾನು ಒಂದು ಕಾರು. ನನ್ನನ್ನು ಹುಟ್ಟಿಸಿದ್ದು ಕಾರ್ಖಾನೆಯ ಯಂತ್ರಗಳು. ಅವು ಮಾತಾಡುತ್ತಿರಲಿಲ್ಲ, ತಪ್ಪೂ ಮಾಡುತ್ತಿರಲಿಲ್ಲ. ಮನುಷ್ಯರ ಕೈಗೆ ಬಂದ ಮೇಲೆ ಎರಡನ್ನೂ ಸಾಕುಸಾಕೆನ್ನುವಷ್ಟು ಕಂಡೆ.

ಮೊದಲ ಯಜಮಾನ ಒಬ್ಬ ಹಲ್ಲಿನ ಡಾಕ್ಟರು. ಚಕ್ಕುಲಿ ತಿಂದು ಪುಡಿಯನ್ನು ನನ್ನ ಸೀಟಿನ ಸಂದಿಗೆ ತಳ್ಳುತ್ತಿದ್ದ. ಹೋಗಲಿ, ಕಾಲಕಾಲಕ್ಕೆ ನೀರು, ಆಯಿಲ್ ನೋಡುತ್ತಿದ್ದ. ಅವನು ನನ್ನನ್ನು ತಿಪಟೂರಿನ ಕೊಬ್ಬರಿ ವ್ಯಾಪಾರಿ ಓಂಕಾರಪ್ಪನಿಗೆ ಮಾರಿದ. ಈ ಮಹಾಶಯನಿಗೆ ನನ್ನ ಬಾನೆಟ್ಟಿಗೆ ಕುಂಕುಮ ಎಲ್ಲಿ ಹಚ್ಚಬೇಕೆಂದು ಗೊತ್ತಿತ್ತು. ಅದರ ಕೆಳಗೆ ಏನಿದೆಯೆಂದು ಗೊತ್ತಿರಲಿಲ್ಲ.

ನೀರಿಲ್ಲದೆ ಓಡಿಸಿ ಓಡಿಸಿ ನನ್ನ ಹೆಡ್ ಗ್ಯಾಸ್ಕೆಟ್ ಸುಟ್ಟಿತು. ಇಂಜಿನ್ನಿನ ಒಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ತೆಳ್ಳನೆಯ ಹಾಳೆ ಅದು. ಮೆಕ್ಯಾನಿಕ್ ಚೆಲುವಾಚಾರಿ ಹೊಸದನ್ನು ಹಾಕಿ, ಇಂಜಿನ್ ತಂಪಾಗಿಡುವ ಹಸಿರು ಕೂಲೆಂಟ್ ತುಂಬಿದ.

"ಇನ್ನೊಂದ್ ಸಲ ಹೀಟಾಗಿ ಕೆಟ್ರೆ ರಿಪೇರಿ ಗಿಪೇರಿ ಇಲ್ಲ, ಸೀದಾ ಗುಜರಿಗೆ," ಎಂದು ಓಂಕಾರಪ್ಪ ನನ್ನೆದುರಿಗೇ ಹೇಳಿದ. ನನಗೆ ಭಯವಾಯಿತು. ಇನ್ನೂ ಓಡುವ ಆಸೆಯಿತ್ತು ನನಗೆ.

ಮನೆಗೆ ಬಂದವನೇ ಹೆಂಡತಿ ಗಂಗಾಂಬಿಕೆಯನ್ನು ಕರೆದ. "ಕಾರಿಗೆ ಯಾರದೋ ಕಣ್ಣು ಬಿದ್ದೈತೆ ಕಣೇ. ಪಟಿಕ ತಗಂಬಾ." ದೃಷ್ಟಿ ತಾಗದಂತೆ ನೇತುಹಾಕುವ ಆ ಬಿಳಿ ಗಟ್ಟಿಗೆ, ದಾರವಾದರೆ ಹರಿಯುತ್ತದೆಂದು, ಕಟ್ಟುವ ತಂತಿಯನ್ನು ಬಿಗಿದ. ನನ್ನ ಮುಂದಿನ ಜಾಲರಿಯೊಳಗೆ ತಂತಿಯ ತುದಿಯನ್ನು ತೂರಿಸಿ, ಹೋಗದಿದ್ದಾಗ ಇಕ್ಕಳದಿಂದ ಗುದ್ದಿದ. ತಂತಿಯ ಮೊನೆ ಕೂಲೆಂಟ್ ಹರಿಯುವ ರೇಡಿಯೇಟರನ್ನು ತೂತು ಮಾಡಿ ಅಲ್ಲೇ ಚುಚ್ಚಿಕೊಂಡು ನಿಂತಿತು. ಊರಿನ ಯಾವ ಕಣ್ಣೂ ನನ್ನನ್ನು ಅಷ್ಟು ನೋಯಿಸಿರಲಿಲ್ಲ.

ತಣ್ಣಗಿದ್ದಾಗ ಆ ತೂತನ್ನು ತಂತಿಯೇ ಮುಚ್ಚಿಕೊಂಡಿರುತ್ತಿತ್ತು. ಬಿಸಿಯೇರಿ ಒಳಗೆ ಒತ್ತಡ ಹೆಚ್ಚಿದಾಗ ಕೂಲೆಂಟ್ ಜಿನುಗಿ ಪಟಿಕದ ಮೇಲೆ ಬಿದ್ದು, ಗಾಳಿಗೆ ಆರಿಹೋಗುತ್ತಿತ್ತು. ನಿಲ್ಲಿಸಿದ ಕಡೆ ನೆಲದಲ್ಲಿ ಒಂದು ಹನಿಯೂ ಕಾಣುತ್ತಿರಲಿಲ್ಲ.

ಕೂಲೆಂಟ್ ಇಳಿಯುತ್ತಿದೆಯೆಂದು ಮತ್ತೆ ಗ್ಯಾರೇಜಿಗೆ ಹೋದೆವು. ಚೆಲುವಾಚಾರಿ ಆಯಿಲ್ ಕಡ್ಡಿ ಎಳೆದು ನೋಡಿದ; ನೀರು ಬೆರೆತಿರಲಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇರಲಿಲ್ಲ. ಪೈಪುಗಳನ್ನೆಲ್ಲ ಸವರಿ ನೋಡಿದ, ಒಣಗಿದ್ದವು.

"ಗ್ಯಾಸ್ಕೆಟ್ ಸರಿಯಾಗೈತೆ ಯಜಮಾನ್ರೆ. ರೇಡಿಯೇಟರ್ ಮುಂದ್ಗಡೆ ನೋಡ್ಬೇಕು. ಈ ಪಟಿಕನ ಬಿಚ್ಲಾ?"

"ಏಯ್, ಮುಟ್ಬ್ಯಾಡ! ದೃಷ್ಟಿಗೆ ಕಟ್ಟಿದ್ದನ್ನ ಬಿಚ್ತಾರೇನಯ್ಯ? ಬೆಳ್ಳಗಿದ್ದ ಪಟಿಕ ಹೆಂಗ್ ಹಸ್ರಾಗೈತೆ ನೋಡು. ಕೆಟ್ಟ ಕಣ್ಣನ್ನೆಲ್ಲ ಹೀರ್ಕಂತಾ ಐತೆ. ನೀನ್ ಹಾಕಿರೋ ಗ್ಯಾಸ್ಕೆಟ್ಟೇ ಡೂಪ್ಲಿಕೇಟು."

ಚೆಲುವಾಚಾರಿ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಅವನ ಗ್ಯಾರೇಜಿನ ಬಾಗಿಲಲ್ಲೂ ಬೂದುಗುಂಬಳ ನೇತಾಡುತ್ತಿತ್ತು. ಹಸಿರು ಕೂಲೆಂಟ್ ತುಂಬಿದವನೂ ಅವನೇ, ಹಸಿರು ಪಟಿಕ ನೋಡಿದವನೂ ಅವನೇ. ಎರಡನ್ನೂ ಕೂಡಿಸಿ ನೋಡುವಷ್ಟು ಬುದ್ಧಿ ಆ ತಲೆಯಲ್ಲೂ ಇರಲಿಲ್ಲ. ನನಗೆ ಬಾಯಿ ಇರಲಿಲ್ಲ. ಹಾರ್ನ್ ಇತ್ತು, ಆದರೆ ಅದೂ ಅವರ ಕೈಯಲ್ಲೇ ಇತ್ತು.

ಮುಂದಿನ ವಾರ ನೆಂಟರ ಗೃಹಪ್ರವೇಶಕ್ಕೆ ಹೊರಟೆವು. ದಾರಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ, ನಾನಿನ್ನೂ ಕುದಿಯುತ್ತಿರುವಾಗಲೇ, ಗಂಗಾಂಬಿಕೆ ಬಗ್ಗಿ ಪಟಿಕವನ್ನು ನೋಡಿದಳು.

"ರೀ, ಇದ್ರಿಂದ ತೊಟ್ಟಿಕ್ತಾ ಐತಲ್ಲ?"

ನನ್ನ ಜೀವಕ್ಕೆ ಜೀವ ಬಂತು.

"ದೃಷ್ಟಿ ಕರಗ್ತಾ ಐತೆ ಕಣೇ," ಎಂದ ಗಂಡ. ಆಕೆ ಪಟಿಕಕ್ಕೆ ಕೈಮುಗಿದು ಬಂದು ಒಳಗೆ ಕೂತಳು.

ಮುಂದಿನ ಏರಿನಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಹೋಯಿತು. ಆತ ಅದನ್ನು ನೋಡಲೇ ಇಲ್ಲ. ಇಂಜಿನ್ ಜಾಮಾಗಿ ನಡುರಸ್ತೆಯಲ್ಲಿ ನಿಂತುಬಿಟ್ಟೆ.

ಈಗ ಗುಜರಿ ಅಂಗಡಿಯ ಹಿತ್ತಲಿನಲ್ಲಿದ್ದೇನೆ. ಓಂಕಾರಪ್ಪ ಕೊನೆಯ ಸಲ ಬಂದದ್ದು ಹೊಸ ಕಾರಿನಲ್ಲಿ, ಹೆಂಡತಿಯ ಜೊತೆ. ಅಷ್ಟು ವರ್ಷ ಹೊತ್ತು ತಿರುಗಿದ ನನ್ನ ಮೈಯನ್ನು ಮುಟ್ಟಲೂ ಇಲ್ಲ. ಇಕ್ಕಳ ತೆಗೆದು ತಂತಿಯನ್ನು ಜೋಪಾನವಾಗಿ ಬಿಚ್ಚಿದ. ಹಸಿರಾಗಿ, ಸವೆದು ನೆಲ್ಲಿಕಾಯಿಯಷ್ಟಾಗಿದ್ದ ಪಟಿಕವನ್ನು ಕಣ್ಣಿಗೊತ್ತಿಕೊಂಡ.

"ನಮ್ ಜೀವ ಉಳ್ಸೈತೆ ಕಣೇ ಇದು. ಬರೋದನ್ನೆಲ್ಲ ಕಾರಿನ್ ಮೇಲೆ ಹಾಕ್ತು."

ಅಲ್ಲೇ ಹೊಸ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ತಂತಿ ತೂರಿಸಿದ. ಅದು ಒಳಗೆ ಹೋಗಲಿಲ್ಲ. ಇಕ್ಕಳದಿಂದ ಗುದ್ದಿದ.

ನನ್ನ ಪಕ್ಕದ ಜಾಗ ಖಾಲಿ ಇದೆ.