ಕಪ್ಪು ರಾಜನ ಜಿಗಿತ

ಎಂಬತ್ತಾರನೇ ಇಸವಿಯ ಆ ಭಾನುವಾರದಿಂದ ಇಳಕಲ್ಲಿನ ಲೆಕ್ಕದ ಮಾಸ್ತರ ಅಂದಾನಪ್ಪನವರಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹನ್ನೊಂದು ವರ್ಷ ಅವರು ಕಟ್ಟಿದ ಚದುರಂಗದ ಸಮಸ್ಯೆಗಳೇ ಬರುತ್ತಿದ್ದ ವಾರಪತ್ರಿಕೆಯ ಮೂಲೆಯಲ್ಲಿ ಈ ಸಲ ಕಂಪ್ಯೂಟರ್ ಕಟ್ಟಿದ ಸಮಸ್ಯೆ ಬಂದಿತ್ತು. ಬಿಳಿಯ ಕಾಯಿಗಳು ಎರಡೇ ನಡೆಯಲ್ಲಿ ಕಪ್ಪು ರಾಜನನ್ನು ಕಟ್ಟಿಹಾಕಬೇಕು. ಕೆಳಗೆ ಸಂಪಾದಕರ ಟಿಪ್ಪಣಿ: ಇದರಲ್ಲಿ ಯಾರಿಗೂ ತಪ್ಪು ಸಿಗದಿದ್ದರೆ ಇನ್ನು ಮೇಲೆ ಈ ಮೂಲೆ ಯಂತ್ರದ್ದೇ.

ಮಾಸ್ತರಿಗೆ ಒಂದು ಸಮಸ್ಯೆ ಕಟ್ಟಲು ಇಡೀ ವಾರ ಹಿಡಿಯುತ್ತಿತ್ತು. ಊಟವಿಲ್ಲದ, ನೆಗಡಿಯಾಗದ ಆ ಪೆಟ್ಟಿಗೆಗೆ ಒಂದು ಮಧ್ಯಾಹ್ನ ಸಾಕಂತೆ! ಅವರಿಗೆ ಮೈಯೆಲ್ಲ ಉರಿಯಿತು. ಮೂರು ದಿನ ಪಾಠ ಮಾಡುತ್ತಲೇ ಕರಿಹಲಗೆಯ ಮೂಲೆಯಲ್ಲಿ ಅರವತ್ನಾಲ್ಕು ಮನೆ ಗೀಚಿದರು.

ಬುಧವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗಲೂ ಚದುರಂಗದ ಮಣೆಯ ಮುಂದೆಯೇ ಕೂತರು.

"ರೊಟ್ಟಿ ಆರಾಕತ್ತಾವ್ರಿ, ಉಣ್ಣಾಕ ಬರ್ರಿ," ಎಂದಳು ಹೆಂಡತಿ ಗುರುಲಿಂಗವ್ವ.

"ಸಿಕ್ತು!" ಎಂದು ಕೂಗಿದರು ಮಾಸ್ತರು. ಕಪ್ಪು ರಾಜ ಕುದುರೆಯ ಹಾಗೆ ಜಿಗಿದು ಪಾರಾಗುತ್ತಾನೆ! ಅದನ್ನೇ ಸಂಪಾದಕರಿಗೆ ಒಂದು ಅಂಚೆ ಕಾರ್ಡಿನ ಮೇಲೆ ಬರೆದು, ಓಡಿಹೋಗಿ ಟಪಾಲು ಡಬ್ಬಿಗೆ ಹಾಕಿ ಬಂದರು.

ರೊಟ್ಟಿ ಮುರಿಯುವಾಗ ತಪ್ಪು ಹೊಳೆಯಿತು. ರಾಜ ಒಂದು ಸಲ ಕುದುರೆಯಂತೆ ಜಿಗಿಯಬಹುದಾದದ್ದು ಕಮತಗಿಯ ಕಟ್ಟೆಯ ಮೇಲೆ ಅಜ್ಜ ಕಲಿಸಿದ ನಮ್ಮ ಕಡೆಯ ಆಟದಲ್ಲಿ. ಪತ್ರಿಕೆಯ ಆಟದಲ್ಲಿ ಆ ನಿಯಮವೇ ಇಲ್ಲ. ಇಷ್ಟು ವರ್ಷ ತಪ್ಪದ ಲೆಕ್ಕ ಸಿಟ್ಟಿನಲ್ಲಿ ತಪ್ಪಿತ್ತು. ಕಾರ್ಡು ಅಚ್ಚಾದರೆ ಹೆಸರು ಮಣ್ಣುಪಾಲು.

ಎಂಜಲು ಕೈಯಲ್ಲೇ ಎದ್ದು ಓಡಿದರು. ಟಪಾಲಿನ ಅಬ್ದುಲಸಾಬ ಆಗಲೇ ಡಬ್ಬಿ ಬರಿದು ಮಾಡಿದ್ದ. ಕಾರ್ಡು ಓದಿಯೂ ಆಗಿತ್ತು, ಎದುರಿನ ಚಹಾದಂಗಡಿಗೆಲ್ಲ ಸಾರಿಯೂ ಆಗಿತ್ತು.

"ಮಾಸ್ತರ, ಕಂಪ್ಯೂಟರಿಗೆ ಮಣ್ಣ ಮುಕ್ಕಿಸಿದ್ರಲ್ರಿ! ರಾಜಾ ಜಿಗಿತಾನ ಅಂತ ಅದಕ್ಕೇನ್ ಗೊತ್ರಿ?"

ಅಂಗಡಿಯವರು ಚಪ್ಪಾಳೆ ತಟ್ಟಿದರು. ಯಾರೋ ಚಹಾ ತಂದು ಕೈಗಿಟ್ಟರು. ಮಾಸ್ತರಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಆ ಕಾರ್ಡ ತಿರುಗಿ ಕೊಡಪಾ, ಅಬ್ದುಲಸಾಬ."

"ಹಾಕಿದ್ ಮ್ಯಾಲ ಕೊಡಾಕ ಬರಂಗಿಲ್ರಿ. ಗೆದ್ದವರು ಯಾಕ ಹೆದರ್ತೀರಿ?"

ಮಾಸ್ತರು ಅವನ ಹತ್ತಿರವೇ ಇನ್ನೊಂದು ಕಾರ್ಡು ಕೊಂಡರು. ನಿಂತಲ್ಲೇ ಬರೆದರು: ಮೊದಲಿನ ಕಾರ್ಡು ನನ್ನ ತಪ್ಪು. ಯಂತ್ರದ ಸಮಸ್ಯೆ ಸರಿಯಾಗಿದೆ. ಮೂಲೆ ಅದಕ್ಕೇ ಕೊಡಿರಿ.

ಅಬ್ದುಲಸಾಬ ಅದನ್ನೂ ಓದಿದ. ಈ ಸಲ ಯಾರಿಗೂ ಹೇಳಲಿಲ್ಲ.