ಮೂರನೆಯ ಕರೆ

ಯಾರು ಕರೆದರೂ ಮೂರನೆಯ ಸಲಕ್ಕೇ ಓಗೊಡುವುದು ವಾರಿಜಾಕ್ಷಿಯ ರೂಢಿ. ಮುಲ್ಕಿಯಲ್ಲಿ ಅವಳ ತಾಯಿ ಕಲಿಸಿದ್ದು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ಮನುಷ್ಯರಲ್ಲದ್ದು ಎರಡಕ್ಕೇ ನಿಲ್ಲುತ್ತದೆ. ಅದಕ್ಕೆ ‘ಓ’ ಅಂದರೆ ನಮ್ಮದೇನಾದರೂ ಒಂದು ಅದರ ಜೊತೆ ಹೋಗುತ್ತದೆ. ಮಸ್ಕತ್ತಿನ ಸಂಗೀತ ಸಭಾಂಗಣದಲ್ಲಿ ಕಲಾವಿದರ ಬಟ್ಟೆ ಹೊಲಿಯುತ್ತ ಹದಿನಾರು ವರ್ಷ ಕಳೆದರೂ ಆ ರೂಢಿ ಬಿಟ್ಟಿರಲಿಲ್ಲ.

“ವಾರಿಜಕ್ಕನನ್ನು ಕರೆಯುವುದಂದ್ರೆ ಮೂರು ಸಲದ ಡ್ಯೂಟಿ,” ಎಂದು ಮ್ಯಾನೇಜರ್ ಭೋಜರಾಜ ಯಾವಾಗಲೂ ನಗುತ್ತಿದ್ದ. ಆ ಗುರುವಾರ ಮಾತ್ರ ನಗಲಿಲ್ಲ. “ಇವತ್ತು ಬರುವ ಮೇಡಂ ದೊಡ್ಡ ಜನ ಮಾರಾಯ್ರೆ. ಒಂದು ಸಲ ಕರೆದ ಕೂಡ್ಲೇ ಓ ಅನ್ಬೇಕು. ನಿಮ್ಮ ಭೂತ ಗೀತ ಎಲ್ಲ ಖಲಾಸ್.”

“ಭೂತದ ಹೆಸರು ತೆಗೀಬೇಡಿ ಭೋಜಣ್ಣ. ಅದು ನಾವು ಕೈಮುಗಿಯುವ ದೈವ. ಇದು ಬೇರೆ.”

ಇಸ್ತ್ರಿ ಹಾಕುತ್ತಿದ್ದ ಉಳ್ಳಾಲದ ಸೌದ ಕಾರ್ಯಕ್ರಮದ ಪುಸ್ತಿಕೆ ತಿರುವಿದಳು. “ಓರ್ನೆಲ್ಲಾ ಅಂತೆ ಹೆಸರು. ಇಟಲಿಯ ಮೀನುಗಾರರ ಊರಲ್ಲಿ ಹುಟ್ಟಿದ್ದು, ನಮ್ಮ ಹಾಗೇ. ಏಳು ವರ್ಷಕ್ಕೇ ಚರ್ಚಿನಲ್ಲಿ ಹಾಡಿದ್ದಾಳೆ. ಆಮೇಲೆ ಒಪೆರಾ. ಅದಕ್ಕೆ ಸಿನಿಮಾ ಹಾಡು, ಗಿಟಾರು ಸೇರಿಸಿದಾಗ ದೊಡ್ಡ ಗುರುಗಳೆಲ್ಲ ಮೂಗು ಮುರಿದರಂತೆ. ಜನ ಮಾತ್ರ ಸ್ಟೇಡಿಯಂ ತುಂಬಿದ್ದು.” ಪುಟ ಮಗುಚಿದಳು. “ಮೂರು ವರ್ಷದ ಹಿಂದೆ ಗಂಟಲ ಆಪರೇಶನ್. ಇನ್ನು ಹಾಡಲಿಕ್ಕಾಗುವುದಿಲ್ಲ ಅಂದಿದ್ರಂತೆ ಡಾಕ್ಟ್ರು. ಈಗ ನೋಡಿದ್ರೆ ಹೋದ ಊರಲ್ಲೆಲ್ಲ ಹೊಸ ಹಾಡು. ಅಲ್ಲಲ್ಲಿಯವರ ಹಳೇ ಹಾಡು. ಎಲ್ಲಿಂದ ಕಲೀತಾಳೋ.”

ವಾರಿಜಾಕ್ಷಿಗೆ ಅರ್ಧ ಮಾತ್ರ ಕೇಳಿಸಿತು. ಅವಳು ಸೂಜಿಯ ಜೊತೆ ತುಳು ಪಾಡ್ದನ ಗುನುಗುತ್ತಿದ್ದಳು. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ತಾಯಿ ಹಾಡುತ್ತಿದ್ದ ಹಾಡು. ಅದನ್ನು ಬಲ್ಲವರು ಈಗ ಅವಳೊಬ್ಬಳೇ. ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ತೃಷಾ ಮೊನ್ನೆ ತಾನಾಗಿ ಕೇಳಿದ್ದಳು, ಶುಕ್ರವಾರ ಸಂಜೆ ಊರವರ ಸಂಘದಲ್ಲಿ ಹಾಡಲಿಕ್ಕೆ ಅದನ್ನು ಕಲಿಸು ಎಂದು. ನಾಲ್ಕು ಸಾಲು ಕಲಿತಿದ್ದಳು. ಉಳಿದದ್ದು ನಾಳೆ ಬೆಳಿಗ್ಗೆ.

ಸಂಜೆ ಓರ್ನೆಲ್ಲಾ ಅಲಂಕಾರದ ಕೋಣೆಗೆ ಒಬ್ಬಳೇ ಬಂದಳು. ಕುತ್ತಿಗೆಗೆ ರೇಷ್ಮೆ ಸುತ್ತಿಕೊಂಡು ಕನ್ನಡಿಯ ಮುಂದೆ ನಿಂತಳು. ವಾರಿಜಾಕ್ಷಿ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಮಂಡಿಯೂರಿ ಗೌನಿನ ಅಂಚು ಮಡಚತೊಡಗಿದಳು.

“ವಾರಿಜಾ...”

ಕೊನೆಯಲ್ಲಿ ತುಸು ಎಳೆದ ಆ ದನಿ ತೀರಿಹೋದ ತಾಯಿಯದು. ಅವಳು ತಲೆ ಎತ್ತಿದಳು. ಕನ್ನಡಿಯಲ್ಲಿ ಗಾಯಕಿಯ ತುಟಿ ಮುಚ್ಚಿಯೇ ಇತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಭೋಜರಾಜನ ಮಾತು ನೆನಪಾಯಿತು. ಒಂದೊಂದೇ ಗುಂಡುಸೂಜಿ ತೆಗೆದು ಅಂಗೈಯಲ್ಲಿಟ್ಟುಕೊಂಡಳು.

“ಓ,” ಎಂದಳು.

ಓರ್ನೆಲ್ಲಾ ಬಾಗಿ ಅವಳ ಕೆನ್ನೆ ಸವರಿದಳು. ಆ ಬೆರಳುಗಳು ಐಸ್ ಪೆಟ್ಟಿಗೆಯಿಂದ ತೆಗೆದ ಮೀನಿನ ಹಾಗೆ ತಣ್ಣಗಿದ್ದವು.

ಮರುದಿನ ಬೆಳಿಗ್ಗೆ ಅಲ್ ಖುವೈರ್‌ನ ಮನೆಯಲ್ಲಿ ತೃಷಾ ಕಾಲು ಮಡಚಿ ಕೂತಳು. “ಸ್ಟಾರ್ಟ್, ಅಮ್ಮ.”

ವಾರಿಜಾಕ್ಷಿ ಬಾಯಿ ತೆರೆದಳು. ಕಿತ್ತ ಹಲ್ಲಿನ ಜಾಗಕ್ಕೆ ನಾಲಗೆ ಹೋಗುವ ಹಾಗೆ ಮನಸ್ಸು ಹಾಡಿದ್ದ ಜಾಗಕ್ಕೆ ಹೋಯಿತು. ಪದವಿಲ್ಲ, ರಾಗವಿಲ್ಲ. ಕಿಟಕಿಯಾಚೆ ಹೈವೇಯ ಸದ್ದು ಮಾತ್ರ.

“ಮರ್ತು ಹೋಯ್ತು ಮಗಾ,” ಎಂದಳು. ಮಾತು ಎಂದಿನಂತೇ ಬಂತು, ಹೋದದ್ದು ಹಾಡು ಮಾತ್ರ.

“ಇಟ್ಸ್ ಓಕೆ. ಸೌದ ಆಂಟಿ ನಿನ್ನೆಯ ವಿಡಿಯೋ ಕಳಿಸಿದ್ದಾರೆ. ಲಾಸ್ಟ್ ಸಾಂಗ್ ನಮ್ದೇ, ಅಮ್ಮ. ಲಿಸನ್.”

ಫೋನಿನಿಂದ ಓರ್ನೆಲ್ಲಾಳ ದನಿಯಲ್ಲಿ ಪಾಡ್ದನ ಹರಿದು ಬಂತು. ನೂರು ಪಿಟೀಲುಗಳ ಮೇಲೆ ತಾಯಿಯ ಗದ್ದೆಯ ಹಾಡು, ಒಂದು ಉಸಿರೂ ತಪ್ಪದೆ. ತೃಷಾ ಜೊತೆಗೂಡಿದಳು. ನಾಲ್ಕು ಸಾಲು ಮುಗಿಯಿತು. ಅವಳು ನಿಲ್ಲಲಿಲ್ಲ. ಐದನೆಯದು, ಆರನೆಯದು, ಯಾರೂ ಕಲಿಸದ ಸಾಲುಗಳು ಅವಳ ಬಾಯಿಂದ ಬಂದವು. ವಾರಿಜಾಕ್ಷಿಗೆ ಒಂದು ಕ್ಷಣ ಜೀವ ಬಂದಂತಾಯಿತು. ಹಾಡು ಮಗಳಲ್ಲಾದರೂ ಉಳಿಯಿತು.

ವಿಡಿಯೋ ಮುಗಿದು ಪರದೆ ಕಪ್ಪಾಯಿತು.

“ತೃಷಾ...” ಕಪ್ಪು ಪರದೆಯೊಳಗಿಂದ ಕರೆ ಬಂತು. ವಾರಿಜಾಕ್ಷಿಯದೇ ದನಿ.

ಮಗಳು ಅಮ್ಮನ ಮುಖ ನೋಡಿದಳು. ಅಮ್ಮನ ತುಟಿ ಮುಚ್ಚಿತ್ತು. ಆದರೂ ಓಗೊಡಲು ಬಾಯಿ ತೆರೆದಳು. ವಾರಿಜಾಕ್ಷಿ ಅವಳ ಬಾಯಿಯ ಮೇಲೆ ಅಂಗೈ ಒತ್ತಿದಳು.

“ತೃಷಾ...”

ಎರಡು. ಅವಳು ಮೂರನೆಯದಕ್ಕೆ ಕಾದಳು. ಫೋನು ಸುಮ್ಮನಿತ್ತು. ಸಂಜೆಯ ಕಾರ್ಯಕ್ರಮಕ್ಕೆಂದು ತೆಗೆದಿಟ್ಟ ಸೀರೆಯ ಮೇಲೆ ಬಿಸಿಲು ಬಿದ್ದಿತ್ತು. ಅಂಗೈಯೊಳಗೆ ಮಗಳ ಉಸಿರು ಬೆಚ್ಚಗೆ ತಾಗುತ್ತಿತ್ತು. ಅವಳು ಕೈ ತೆಗೆಯಲಿಲ್ಲ.